ಒಂದೂಕಾಲು ತೊಲೆಯ ಸ್ಟ್ರೈಕರು

ಬಾಗಲಕೋಟೆಯಲ್ಲಿ ಬಸ್ಸು ಹತ್ತಿ ಬೀಳಗಿ, ಜಮಖಂಡಿ, ರಬಕವಿ-ಬನಹಟ್ಟಿಗಳನ್ನು ನೋಡಿಕೊಂಡು, ಮಹಾಲಿಂಗಪುರದ ಮೇಲೆ ಹಾಯ್ದು ಮುಧೋಳಕ್ಕೆ ಬಂದು, ಲೋಕಾಪುರದ ದಾರಿ ಹಿಡಿದು ತಿರುಗಿ ಬಾಗಲಕೋಟೆ ಮುಟ್ಟಿದರೆ ಒಂದು ಸುತ್ತು ಮುಗಿಯುತ್ತದೆ. ಕೃಷ್ಣೆ ಮತ್ತು ಘಟಪ್ರಭೆಯರ ಆಸುಪಾಸಿನ ಈ ನೆಲದಲ್ಲಿ ಹಗಲು ಪ್ರಯಾಣ ಮಾಡಿದವರಿಗೆ ಕಾಣುವುದು ಕಬ್ಬಿನ ಹೊಲ, ಕಬ್ಬು ಹೇರಿದ ಟ್ರ್ಯಾಕ್ಟರು, ಸಕ್ಕರೆ ಕಾರ್ಖಾನೆಯ ಚಿಮಣಿ. ಸಂಜೆ ಊರೊಳಗೆ ಕಾಲಾಡಿಸಿದವರಿಗೆ ಕಾಣುವುದೇ ಬೇರೆ. ಬಾಗಿಲು ಹಾಕಿದ ಅಂಗಡಿಯ ಕಟ್ಟೆಯ ಮೇಲೋ, ಯುವಕ ಮಂಡಳದ ಕೋಣೆಯಲ್ಲೋ, ಚಹದಂಗಡಿಯ ಹಿಂದಿನ ತಗಡಿನ ಚಪ್ಪರದಲ್ಲೋ ಒಂದು ಬಲ್ಬಿನ ಕೆಳಗೆ ನಾಲ್ಕು ತಲೆಗಳು ಬಾಗಿರುತ್ತವೆ. ಅವುಗಳ ಹೆಗಲ ಮೇಲಿಂದ ಇನ್ನೂ ಎಂಟು ಹತ್ತು ತಲೆಗಳು ಇಣುಕುತ್ತಿರುತ್ತವೆ. ನಡುವೆ 'ಟಕ್' ಎಂಬ ಒಂದು ಸದ್ದು, ಅದರ ಹಿಂದೆಯೇ ಒಂದು ಉದ್ಗಾರ. ಕೇರಂ ನಡೆದಿದೆ.

ಬೋರ್ಡು ಮಂಡಳದ್ದು. ಕಾಯಿಗಳೂ ಮಂಡಳದ್ದೇ. ಪೌಡರಿಗೆ ಎಲ್ಲರೂ ಸೇರಿ ದುಡ್ಡು ಹಾಕಿರುತ್ತಾರೆ. ಸೋತವರು ಚಹದ ಬಿಲ್ಲು ಕೊಡಬೇಕೆಂಬುದು ಎಲ್ಲ ಕಡೆಗೂ ಒಂದೇ ಕಾನೂನು. ಇಷ್ಟರಲ್ಲಿ ಆಟಗಾರನ ಸ್ವಂತದ್ದು ಎನ್ನುವ ವಸ್ತು ಒಂದೇ ಒಂದು, ಅಂಗಿಯ ಕಿಸೆಯಿಂದ ಹೊರಬರುವ ಸ್ಟ್ರೈಕರು. ಕ್ರಿಕೆಟ್ ಬ್ಯಾಟು ಕೊಳ್ಳುವಾಗ ಹತ್ತು ಜನರನ್ನು ಕೇಳುವವರು ಸ್ಟ್ರೈಕರನ್ನು ಮಾತ್ರ ಅಂಗಡಿಯವನು ಕೊಟ್ಟದ್ದನ್ನೇ ತೆಗೆದುಕೊಂಡು ಬರುತ್ತಾರೆ. ಅಥವಾ ಅಣ್ಣನದನ್ನು ಎತ್ತಿಕೊಂಡು ಬರುತ್ತಾರೆ. ಆಮೇಲೆ ಆಟ ಕೈ ಹತ್ತಲಿಲ್ಲವೆಂದು ಬಿಟ್ಟು ಬಿಡುತ್ತಾರೆ. ಅಂಥವರ ಸಂಖ್ಯೆ ಈ ಊರುಗಳಲ್ಲಿ ಸಣ್ಣದಲ್ಲ.

ಹಿನ್ನೀರಿನ ಊರು

ಸುತ್ತಿನ ಮೊದಲ ಊರು ಬೀಳಗಿ. ಗುಡ್ಡದ ಸಿದ್ಧೇಶ್ವರ, ಅರೆತ್ತಿನ ಬಾವಿ ಇವು ಹಳೆಯ ಹೆಸರುಗಳು. ಹೊಸ ಹೆಸರು 'ಮುಳುಗಡೆ'. ಆಲಮಟ್ಟಿ ಅಣೆಕಟ್ಟೆಯ ಹಿನ್ನೀರು ಏರಿದಂತೆ ಈ ತಾಲೂಕಿನ ಅನೇಕ ಹಳ್ಳಿಗಳು ಎದ್ದು ಪುನರ್ವಸತಿ ಕೇಂದ್ರಗಳಿಗೆ ಬಂದವು. ಅಲ್ಲಿ ನೇರವಾದ ರಸ್ತೆಗಳು, ಒಂದೇ ಅಳತೆಯ ನಿವೇಶನಗಳು, ನಂಬರು ಹಚ್ಚಿದ ಮನೆಗಳು. ಬೇವಿನ ಮರದ ಬುಡದ ಕಟ್ಟೆಯನ್ನು ಹೊತ್ತು ತರಲು ಯಾರಿಗೂ ಬರುವುದಿಲ್ಲ. ಕೇರಂ ಬೋರ್ಡನ್ನು ತರಲು ಬರುತ್ತದೆ. ಒಂದು ಬೋರ್ಡು ಇಟ್ಟಲ್ಲಿ ನಾಲ್ಕು ಜನ ಕೂಡುತ್ತಾರೆ, ನಾಲ್ಕು ಜನ ಕೂಡಿದಲ್ಲಿ ಊರಿನ ಸುದ್ದಿ ಹುಟ್ಟುತ್ತದೆ.

ಹಿನ್ನೀರಿನ ದಂಡೆಯಲ್ಲಿ ಮಳೆಗಾಲದ ಸಂಜೆ ಆಡಿದವರಿಗೆ ಗೊತ್ತು, ಬೋರ್ಡು ಮೈ ಭಾರ ಮಾಡಿಕೊಳ್ಳುತ್ತದೆ. ಪ್ಲೈವುಡ್ಡು ಗಾಳಿಯ ತೇವವನ್ನು ಹೀರುತ್ತದೆ, ಬೋರಿಕ್ ಪೌಡರು ಗಂಟು ಗಂಟಾಗುತ್ತದೆ, ಬೇಸಿಗೆಯಲ್ಲಿ ಹಾರಿ ಹೋಗುತ್ತಿದ್ದ ಕಾಯಿ ಅರ್ಧ ದಾರಿಗೇ ನಿಲ್ಲುತ್ತದೆ. ಆಗ ಕಟ್ಟೆಯ ಪಂಡಿತರು ಕೊಡುವ ಸಲಹೆ ಒಂದೇ: "ವಜ್ಜಾ ಸ್ಟ್ರೈಕರ್ ತಗೋರಿ, ದೂರ ಹೋಗತೈತಿ."

ಈ ಸಲಹೆಯನ್ನು ಎಂಟನೇ ತರಗತಿಯ ವಿಜ್ಞಾನವೇ ಒಪ್ಪುವುದಿಲ್ಲ. ಜಾರುವ ವಸ್ತುವನ್ನು ತಡೆಯುವುದು ಘರ್ಷಣೆ. ಭಾರ ಹೆಚ್ಚಾದಷ್ಟೂ ಘರ್ಷಣೆಯೂ ಹೆಚ್ಚಾಗುತ್ತದೆ. ಭಾರದಿಂದ ಬಂದ ಲಾಭವನ್ನು ಅದೇ ಭಾರ ತಂದ ಘರ್ಷಣೆ ಸರಿಯಾಗಿ ತಿಂದು ಹಾಕುತ್ತದೆ. ಆದ್ದರಿಂದ ಒಂದೇ ನುಣುಪಿನ ಎರಡು ಸ್ಟ್ರೈಕರುಗಳು, ಒಂದು 10 ಗ್ರಾಮಿನದು, ಇನ್ನೊಂದು 15 ಗ್ರಾಮಿನದು, ಒಂದೇ ವೇಗದಲ್ಲಿ ಹೊರಟರೆ ಒಂದೇ ದೂರಕ್ಕೆ ಹೋಗಿ ನಿಲ್ಲುತ್ತವೆ. ದೂರವನ್ನು ತೀರ್ಮಾನಿಸುವುದು ಹೊರಟ ವೇಗ ಮತ್ತು ಕೆಳಮೈಯ ನುಣುಪು. ಮಳೆಗಾಲದ ಬೋರ್ಡಿಗೆ ಬೇಕಾದುದು ಒಣ ಪೌಡರು ಮತ್ತು ಸಪಾಟಾದ ತಳದ ಸ್ಟ್ರೈಕರು, ಭಾರದ್ದಲ್ಲ. ಬೋರ್ಡನ್ನು ಹೊತ್ತು ಒಳಗಿನ ಒಣ ಕೋಣೆಗೆ ತಂದರೂ ಅರ್ಧ ಕೆಲಸ ಆಗುತ್ತದೆ. (ಬೋರಿಕ್ ಪೌಡರು ಹೊಟ್ಟೆಗೆ ಹೋಗಬಾರದ ವಸ್ತು. ಆಟ ಮುಗಿದೊಡನೆ ಅದೇ ಕೈಯಿಂದ ಚುರಮುರಿ ತಿನ್ನುವ ಹುಡುಗರಿಗೆ ಯಾರಾದರೂ ಕೈ ತೊಳೆಯಲು ಹೇಳಬೇಕು.)

ಸಂಸ್ಥಾನದ ಊರಿನಲ್ಲಿ ತಕ್ಕಡಿ

ಬೀಳಗಿಯಿಂದ ಮುಂದೆ ಜಮಖಂಡಿ. 1811ರಿಂದ 1948ರವರೆಗೆ ಪಟವರ್ಧನರ ಸಂಸ್ಥಾನ. ಗುರುದೇವ ರಾನಡೆಯವರು 1886ರಲ್ಲಿ ಹುಟ್ಟಿದ ಊರು, ಅವರು ಕಲಿತ ಪರಶುರಾಮಭಾವು ಹೈಸ್ಕೂಲಿನ ಊರು. ಹಳೆಯ ಪೇಟೆಯಲ್ಲಿ ಕನ್ನಡದ ಬೆನ್ನಿಗೆ ಮರಾಠಿ ಈಗಲೂ ಕೇಳುತ್ತದೆ.

ಮರಾಠಿಯ ಮಾತು ಬಂದುದರಿಂದ ಒಂದು ಸ್ವಾರಸ್ಯವನ್ನು ಇಲ್ಲಿಯೇ ಹೇಳಬಹುದು. ಐದು ಏಣಿನ, ಅಡ್ಡ ಕೊಯ್ದರೆ ನಕ್ಷತ್ರದಂತೆ ಕಾಣುವ ಧಾರೆಹುಳಿಯ ಹಣ್ಣಿಗೆ ಮರಾಠಿಯಲ್ಲಿ 'ಕರಂಬಳ' ಎಂಬ ಹೆಸರುಂಟು. ಪಡುವಣ ಕರಾವಳಿಗೆ ಬಂದ ಪೋರ್ಚುಗೀಸರು ಅದನ್ನು 'ಕರಂಬೋಲಾ' ಎಂದು ಒಯ್ದರು. ಯುರೋಪಿನ ಬಿಲಿಯರ್ಡ್ಸ್ ಮೇಜಿನ ಮೇಲೆ ಕೆಂಪು ಚೆಂಡಿಗೆ 'ಕಾರಂಬೋಲ್' ಎಂಬ ಹೆಸರು ಬಿತ್ತು. ಆ ಹೆಸರಿಗೂ ಹಣ್ಣಿಗೂ ನಂಟು ಕಲ್ಪಿಸುವ ನಿಘಂಟುಕಾರರಿದ್ದಾರೆ. ಒಂದು ಚೆಂಡು ಬೇರೆ ಎರಡು ಚೆಂಡುಗಳಿಗೆ ತಗಲುವ ಹೊಡೆತ 'ಕಾರಂ' ಆಯಿತು, ಅದೇ ನಮ್ಮ ಕೇರಂ. ಅವರ ಮಾತು ನಿಜವಾದರೆ ನಮ್ಮ ಹಣ್ಣೊಂದು ಸಮುದ್ರ ದಾಟಿ ಹೋಗಿ ಆಟವಾಗಿ ಮನೆಗೆ ಬಂದಿದೆ.

ಕಾರಂ ಬಿಲಿಯರ್ಡ್ಸ್ ಎಂಬ ಆಟ ಫ್ರಾನ್ಸ್ ಮೊದಲಾದ ಕಡೆ ಇಂದಿಗೂ ಇದೆ. ಮೇಜಿಗೆ ತೂತುಗಳೇ ಇಲ್ಲ, ಚೆಂಡು ಮೂರೇ. ಅಲ್ಲಿಯ ಆಟಗಾರರು ಕೋಲಿನ ಮುಂಭಾಗವನ್ನು, ಅವರ ಮಾತಿನಲ್ಲಿ ಶಾಫ್ಟನ್ನು, ಕನ್ಯೆ ನೋಡಿದಂತೆ ನೋಡಿ ಆರಿಸುತ್ತಾರೆ. ಚೆಂಡುಗಳನ್ನು ಒಂದೆಡೆ ಕೂಡಿಹಾಕಿಕೊಂಡು ಮೆಲ್ಲನೆ ತಟ್ಟಿ ತಟ್ಟಿ ಅಂಕ ಪೇರಿಸುವವನಿಗೆ ಹಗುರವಾದ, ತುದಿ 11 ಮಿಲಿಮೀಟರಿನಷ್ಟು ತೆಳ್ಳಗಿರುವ ಶಾಫ್ಟು. ಮೂರು ಅಂಚುಗಳಿಗೆ ಬಡಿಸಿ ದೂರದ ಚೆಂಡನ್ನು ಮುಟ್ಟಿಸುವವನಿಗೆ ತುಸು ದಪ್ಪದ, ಬಾಗದ, ಬಿರುಸಾದ ಶಾಫ್ಟು. ಕೋಲಿನ ತುದಿಗೆ ಚರ್ಮದ ಬಿಲ್ಲೆ ಅಂಟಿಸುವ ಉಪಾಯವನ್ನು ಮಿಂಗೋ ಎಂಬ ಫ್ರೆಂಚ್ ಸೈನ್ಯಾಧಿಕಾರಿ 19ನೆಯ ಶತಮಾನದ ಮೊದಲಲ್ಲಿ ಪ್ರಚಾರಕ್ಕೆ ತಂದ. 1835ರಲ್ಲಿ ಕೊರಿಯೋಲಿಸ್ ಎಂಬ ದೊಡ್ಡ ವಿಜ್ಞಾನಿ ಬಿಲಿಯರ್ಡ್ಸ್ ಚೆಂಡುಗಳ ಗಣಿತದ ಮೇಲೆಯೇ ಒಂದು ಗ್ರಂಥ ಬರೆದ. ನಮ್ಮ ಕರ್ನಾಟಕದಲ್ಲಿ ಆಡುವುದು ತೂತುಗಳಿರುವ ಮೇಜಿನ ಇಂಗ್ಲಿಷ್ ಬಿಲಿಯರ್ಡ್ಸ್ ಮತ್ತು ಸ್ನೂಕರು. ಬೆಂಗಳೂರಿನ ಪಂಕಜ್ ಅಡ್ವಾಣಿ ಇವೆರಡರಲ್ಲೂ ಗೆದ್ದ ವಿಶ್ವ ಪ್ರಶಸ್ತಿಗಳು 25ಕ್ಕೂ ಹೆಚ್ಚು. ಆದರೆ ಅಷ್ಟು ದೊಡ್ಡ ಮೇಜು, ಹಸಿರು ಬಟ್ಟೆ, ಕೋಲು ಎಲ್ಲವೂ ಕ್ಲಬ್ಬಿನ ಮೆಟ್ಟಿಲು ಹತ್ತಬಲ್ಲವರಿಗೆ.

ಅಮೆರಿಕದಲ್ಲಿ 1890ರ ದಶಕದಲ್ಲಿ ಹೆನ್ರಿ ಹ್ಯಾಸ್ಕೆಲ್ ಎಂಬಾತ ಹುಡುಗರು ಬಿಲಿಯರ್ಡ್ಸ್ ಅಡ್ಡೆಗಳಿಗೆ ಹೋಗಬಾರದೆಂದು ಮನೆಯಲ್ಲೇ ಆಡುವ ಒಂದು ಚೌಕ ಹಲಗೆಯನ್ನು ಮಾಡಿದ. ಅದಕ್ಕೂ ಕೇರಂ ಎಂದೇ ಹೆಸರು. ಆ ಆಟವನ್ನು ಪುಟ್ಟ ಕೋಲಿನಿಂದಲೂ ಆಡುತ್ತಾರೆ, ಬೆರಳಿನಿಂದಲೂ ಆಡುತ್ತಾರೆ. ನಮ್ಮಲ್ಲಿ ಕೋಲಿನ ಕೆಲಸವನ್ನು ಬೆರಳೇ ವಹಿಸಿಕೊಂಡಿದೆ. ಬೆರಳನ್ನು ಆರಿಸಿಕೊಳ್ಳಲು ಬರುವುದಿಲ್ಲ, ಹುಟ್ಟಿನಿಂದ ಬಂದದ್ದೇ ಗತಿ. ಆರಿಸಲು ಉಳಿದದ್ದು ಸ್ಟ್ರೈಕರು.

ಸ್ಟ್ರೈಕರಿಗೆ ನಿಯಮ ಉಂಟು. ವ್ಯಾಸ 4.13 ಸೆಂಟಿಮೀಟರ್ ಮೀರಕೂಡದು, ತೂಕ 15 ಗ್ರಾಂ ಮೀರಕೂಡದು. ದಂತದ್ದಾಗಲಿ ಲೋಹದ್ದಾಗಲಿ ನಡೆಯುವುದಿಲ್ಲ. ಹಳೆಯ ಶ್ರೀಮಂತರ ಮನೆಗಳಲ್ಲಿ ದಂತದ ಸ್ಟ್ರೈಕರು ಇಟ್ಟುಕೊಳ್ಳುವುದು ಒಂದು ಪ್ರತಿಷ್ಠೆಯಾಗಿತ್ತು. ವನ್ಯಜೀವಿ ಕಾಯಿದೆಗೆ 1986 ಮತ್ತು 1991ರ ತಿದ್ದುಪಡಿಗಳು ಬಂದ ಮೇಲೆ ದಂತದ ವ್ಯಾಪಾರವೇ ನಿಂತಿತು, ಒಳ್ಳೆಯದೇ ಆಯಿತು. 15 ಗ್ರಾಂ ಎಂದರೆ ಎಷ್ಟು? ಹಳೆಯ ಲೆಕ್ಕದ ಒಂದು ತೊಲೆ 11.66 ಗ್ರಾಂ. ಒಂದೂಕಾಲು ತೊಲೆಗಿಂತ ಒಂದು ಚೂರು ಹೆಚ್ಚು. ಜಮಖಂಡಿಯಂಥ ಪೇಟೆಯಲ್ಲಿ ಇದನ್ನು ತೂಗಿಸುವುದು ಕಷ್ಟವಲ್ಲ. ಪರಿಚಯದ ಅಕ್ಕಸಾಲಿಗರ ಅಂಗಡಿಗೆ ಹೋಗಿ ಚಿನ್ನದ ತಕ್ಕಡಿಯಲ್ಲಿ ಸ್ಟ್ರೈಕರು ಇಟ್ಟರೆ ನಿಜ ಹೊರಬೀಳುತ್ತದೆ. ಅವರು ನಗುತ್ತಾರೆ, ನಗಲಿ.

ಒಂದು ಲೆಕ್ಕ

ಈಗ ಲೆಕ್ಕದ ಮಾತು. ಹೆದರುವಂಥದ್ದೇನೂ ಇಲ್ಲ, ಹೈಸ್ಕೂಲು ದಾಟಿದವರಿಗೆ ಸಾಕು. ಕೇರಂ ಕಾಯಿಯ ತೂಕ 5ರಿಂದ 5.5 ಗ್ರಾಂ. ಸುಲಭಕ್ಕೆ 5 ಎನ್ನೋಣ. 15 ಗ್ರಾಮಿನ ಸ್ಟ್ರೈಕರು ಅದಕ್ಕೆ ನೇರವಾಗಿ ಬಡಿದರೆ, ಸಂವೇಗ ಮತ್ತು ಶಕ್ತಿಯ ನಿಯಮಗಳ ಪ್ರಕಾರ ಕಾಯಿ ಸ್ಟ್ರೈಕರಿನ ಒಂದೂವರೆ ಪಟ್ಟು ವೇಗದಲ್ಲಿ ಓಡುತ್ತದೆ. ಸ್ಟ್ರೈಕರು ನಿಲ್ಲುವುದಿಲ್ಲ, ತನ್ನ ಅರ್ಧ ವೇಗವನ್ನು ಉಳಿಸಿಕೊಂಡು ಹಿಂದೆಯೇ ಹೋಗುತ್ತದೆ. ಅದೇ 10 ಗ್ರಾಮಿನ ಸ್ಟ್ರೈಕರಾದರೆ ಕಾಯಿಗೆ ಸಿಗುವುದು 1.33 ಪಟ್ಟು ವೇಗ, ಸ್ಟ್ರೈಕರಿನಲ್ಲಿ ಉಳಿಯುವುದು ಮೂರನೇ ಒಂದು ಪಾಲು. ನಿಜವಾದ ಬೋರ್ಡಿನಲ್ಲಿ ಈ ಅಂಕಿಗಳು ತುಸು ಕಡಿಮೆಯಾಗುತ್ತವೆ, ಏಕೆಂದರೆ 'ಟಕ್' ಎಂಬ ಸದ್ದಿಗೂ ಶಕ್ತಿ ಖರ್ಚಾಗುತ್ತದೆ. ಆದರೆ ಹೋಲಿಕೆ ಬದಲಾಗುವುದಿಲ್ಲ.

ಗಮನಿಸಬೇಕಾದ ಮಾತು ಇಲ್ಲಿದೆ. ಸ್ಟ್ರೈಕರಿನ ತೂಕ ಮೂರರಲ್ಲೊಂದು ಪಾಲು ಇಳಿದರೂ ಕಾಯಿಯ ವೇಗ ಇಳಿದದ್ದು ನೂರಕ್ಕೆ 11ರಷ್ಟು ಮಾತ್ರ. ಆದರೆ ಹೊಡೆತದ ನಂತರ ಸ್ಟ್ರೈಕರು ಓಡುವ ದೂರ ಅರ್ಧಕ್ಕಿಂತ ಕೆಳಗೆ ಬರುತ್ತದೆ. ದೂರ ವೇಗದ ವರ್ಗವನ್ನು ಅನುಸರಿಸುವುದರಿಂದ, ಕಾಯಿ ಅಡ್ಡ ಬರದಿದ್ದರೆ ಇನ್ನೊಂದು ಮೀಟರು ಜಾರುತ್ತಿದ್ದ ಸ್ಟ್ರೈಕರು, 15 ಗ್ರಾಮಿನದಾದರೆ ಬಡಿದ ಮೇಲೆ 25 ಸೆಂಟಿಮೀಟರು ಮುಂದೆ ಹೋಗುತ್ತದೆ, 10 ಗ್ರಾಮಿನದಾದರೆ 11 ಸೆಂಟಿಮೀಟರು. ಮೂಲೆಯ ತೂತಿನ ಬಾಯಲ್ಲಿರುವ ಕಾಯಿಗೆ ಹೊಡೆಯುವಾಗ ಈ 14 ಸೆಂಟಿಮೀಟರಿನ ಬೆಲೆ ಏನೆಂದು ಆಡುವವರಿಗೆ ಹೇಳಬೇಕಾಗಿಲ್ಲ. ತೂತಿನ ವ್ಯಾಸ 4.45 ಸೆಂಟಿಮೀಟರು. ಸ್ಟ್ರೈಕರಿಗಿಂತ ಮೂರೇ ಮಿಲಿಮೀಟರು ದೊಡ್ಡದು. ಆದರೂ ಕಾಯಿಯ ಹಿಂದೆ ಸ್ಟ್ರೈಕರು ಒಳಗೆ ಧುಮುಕುವುದನ್ನು ದಿನಾ ನೋಡುತ್ತೇವೆ. ಫೈನ್ ಬಿತ್ತು! ಗಳಿಸಿದ ಕಾಯಿ ತಿರುಗಿ ನಡುವೆ ಬಂದು ಕೂಡುತ್ತದೆ. ಅದಕ್ಕೆ ಹಣೆಬರಹವನ್ನು ಬಯ್ಯುವುದಕ್ಕಿಂತ ತಕ್ಕಡಿಯನ್ನು ಕೇಳುವುದು ವಾಸಿ.

ಹಾಗಾದರೆ ಭಾರದ ಸ್ಟ್ರೈಕರು ಕೆಟ್ಟದ್ದೇ? ಅಲ್ಲ. ಹತ್ತೊಂಬತ್ತು ಕಾಯಿಗಳು ಒಟ್ಟಿಗೆ ಕೂತಿರುವ ಮೊದಲ ಹೊಡೆತಕ್ಕೆ, ಗುಂಪು ಒಡೆಯುವುದಕ್ಕೆ, ಭಾರ ಬೇಕು. ಓರೆಯ ಹೊಡೆತದಲ್ಲಿ ಅದಕ್ಕೆ ಇನ್ನೊಂದು ಗುಣವಿದೆ. ಒಂದೇ ತೂಕದ ಎರಡು ಬಿಲಿಯರ್ಡ್ಸ್ ಚೆಂಡುಗಳು ಓರೆಯಾಗಿ ತಾಗಿದರೆ ಲಂಬಕೋನದಲ್ಲಿ ಬೇರೆ ಬೇರೆ ದಿಕ್ಕಿಗೆ ಹೋಗುತ್ತವೆ. ಕಾಯಿಯ ಮೂರು ಪಟ್ಟು ಭಾರದ ಸ್ಟ್ರೈಕರು ಹಾಗೆ ದಿಕ್ಕು ಬಿಡುವುದಿಲ್ಲ. ಎಷ್ಟೇ ಓರೆಯಾಗಿ ತಾಗಲಿ, ಅದು ತನ್ನ ದಾರಿಯಿಂದ ಸರಿಯುವುದು ಹೆಚ್ಚೆಂದರೆ 19-20 ಡಿಗ್ರಿ. ಎರಡು ಪಟ್ಟಿನದಾದರೆ 30 ಡಿಗ್ರಿ ತನಕ ಸರಿದೀತು. ಸ್ಟ್ರೈಕರು ಆಮೇಲೆ ಎಲ್ಲಿಗೆ ಹೋಗುತ್ತದೆಂದು ಮೊದಲೇ ಎಣಿಸಿ, ಒಂದೇ ಹೊಡೆತದಲ್ಲಿ ಎರಡು ಕಾಯಿ ತೆಗೆಯುವವರು ಭಾರದ್ದನ್ನು ನೆಚ್ಚುವುದು ಇದಕ್ಕಾಗಿಯೇ. ಅಂಥವರಿಗೆ ಬೆರಳಿನ ಮೇಲೆ ಹಿಡಿತವಿರುತ್ತದೆ. ಹಿಡಿತವಿಲ್ಲದವನ ಕೈಯಲ್ಲಿ ಅದೇ ಗುಣ ಅವಗುಣ.

ಮಗ್ಗದ ಓಣಿಗಳಲ್ಲಿ

ರಬಕವಿ-ಬನಹಟ್ಟಿ ಹೆಸರಿಗೆ ಎರಡು ಊರು, ಬದುಕಿಗೆ ಒಂದು. ಈಗ ಸ್ವತಂತ್ರ ತಾಲೂಕು. ಬನಹಟ್ಟಿಯ ಕಾಡಸಿದ್ಧೇಶ್ವರನ ಜಾತ್ರೆಯ ದಿನಗಳನ್ನು ಬಿಟ್ಟರೆ ಓಣಿ ಓಣಿಯಲ್ಲೂ ಮಗ್ಗದ ಸದ್ದು. ಕೈಮಗ್ಗ ಕಡಿಮೆಯಾಗಿ ವಿದ್ಯುತ್ ಮಗ್ಗ ಹೆಚ್ಚಾಗಿದೆ. ಕರೆಂಟು ಹೋದರೆ ಓಣಿ ಒಮ್ಮೆಲೇ ಮೌನವಾಗುತ್ತದೆ, ಎರಡು ನಿಮಿಷದಲ್ಲಿ ಬೋರ್ಡು ಕಟ್ಟೆಗೆ ಬರುತ್ತದೆ. ಕರೆಂಟು ಬಂದರೆ ರಾಣಿ ಬೋರ್ಡಿನ ಮೇಲಿದ್ದರೂ ಎಲ್ಲರೂ ಎದ್ದು ಹೋಗಬೇಕು. ಸೀರೆಗೆ ಕೂಲಿ, ಆಟಕ್ಕೆ ಕೂಲಿ ಇಲ್ಲ.

ನೇಕಾರರು ಸ್ಟ್ರೈಕರು ನೋಡುವ ರೀತಿಯೇ ಬೇರೆ. ಅದು ಲಾಳಿ ನೋಡಿ ಬಂದ ರೂಢಿ. ಹೊಸ ಲಾಳಿ ಕೈಗೆ ಬಂದರೆ ಅವರು ಮೊದಲು ಅದರ ಮೈ ಮೇಲೆ ಬೆರಳು ಆಡಿಸುತ್ತಾರೆ. ಎಲ್ಲಾದರೂ ಸಿಬಿರು ಎದ್ದಿದ್ದರೆ ಹಾಸಿನ ಎಳೆ ಹರಿಯುತ್ತದೆ. ತೂಕವನ್ನು ಅಂಗೈಯಲ್ಲೇ ಅಳೆಯುತ್ತಾರೆ. ಲಾಳಿ ತೀರ ಹಗುರವಾದರೆ ನಡುವೆ ತಡೆಯುತ್ತದೆ, ತೀರ ಭಾರವಾದರೆ ಆ ಬದಿಯ ಪೆಟ್ಟಿಗೆಯಲ್ಲಿ ನಿಲ್ಲದೆ ಪುಟಿಯುತ್ತದೆ. ಕಂಡಿಕೆಯ ನೂಲು ಮುಗಿಯುತ್ತ ಬಂದಂತೆ ಲಾಳಿ ಹಗುರಾಗುವುದೂ ಅವರ ಕಿವಿಗೆ ತಿಳಿಯುತ್ತದೆ. ಸ್ಟ್ರೈಕರನ್ನೂ ಅವರು ಹಾಗೆಯೇ ಅಂಚು ಸವರಿ, ಅಂಗೈಯಲ್ಲಿ ಎರಡು ಸಲ ಹಾರಿಸಿ ನೋಡುತ್ತಾರೆ. ತಕ್ಕಡಿ ಇಲ್ಲದೆಯೇ ಅವರು ಹೇಳುವ ತೂಕ ಬಹಳ ತಪ್ಪುವುದಿಲ್ಲ.

"ಕಾಕಾ, ಇದು ಭಾಳ ವಜ್ಜಾ ಐತ್ರಿ, ಉಗುರು ನೋಯತೈತಿ" ಎನ್ನುತ್ತಾನೆ ಹುಡುಗ.

"ನಿಮ್ಮಣ್ಣಂದಲ್ಲೇನೋ ತಮ್ಮಾ ಅದು? ಅವನ ಚಪ್ಪಲಿ ಹಾಕ್ಕೊಂಡು ಓಡಾಕ ಬರತೈತೇನು ನಿನಗ?"

ಓಣಿಯಲ್ಲಿ ಕೇಳಿಬರುವ ಇಂಥ ಮಾತಿನಲ್ಲಿ ಇಡೀ ವಿಷಯ ಬಂದು ಹೋಗುತ್ತದೆ. ಹೊಡೆಯುವ ಬೆರಳನ್ನು ಅವಲಂಬಿಸಿ ಸ್ಟ್ರೈಕರು. ಹೆಬ್ಬೆರಳಿಗೆ ತೋರುಬೆರಳನ್ನು ಆನಿಸಿ ಚಿಟಿಕೆ ಹಾರಿಸಿದಂತೆ ಹೊಡೆಯುವವರೇ ಹೆಚ್ಚು. ಈ ಹೊಡೆತಕ್ಕೆ ಜೋರು ಇರುತ್ತದೆ, ಪೆಟ್ಟೆಲ್ಲ ಉಗುರಿನ ಮೇಲೆ. ಇವರಿಗೆ ಅಂಚು ತುಸು ಗುಂಡಗಿರುವ, 12-13 ಗ್ರಾಮಿನದು ಸಾಕು, ಏಕೆಂದರೆ ಜೋರು ಬೆರಳಿನಲ್ಲೇ ಇದೆ. ನಡುಬೆರಳನ್ನು ತೋರುಬೆರಳಿನ ಬದಿಯಿಂದ ಜಾರಿಸಿ ಹೊಡೆಯುವ ಕತ್ತರಿ ಹಿಡಿತದವರದು ನಯವಾದ ಆಟ. ಬೆರಳು ಸ್ಟ್ರೈಕರನ್ನು ಬಡಿಯುವುದಕ್ಕಿಂತ ತಳ್ಳುವುದು ಹೆಚ್ಚು. ಅವರಿಗೆ 15ಕ್ಕೆ ಹತ್ತಿರದ್ದು ಒಗ್ಗುತ್ತದೆ, ಮೆಲ್ಲಗೆ ತಳ್ಳಿದರೂ ಅದು ಕಾಯಿಯನ್ನು ತೂತಿನ ತನಕ ಮುಟ್ಟಿಸುತ್ತದೆ. ಹೆಬ್ಬೆರಳಿನಿಂದ ಹಿಂದಕ್ಕೆ ಹೊಡೆಯುವವರು, ಎದುರಂಚಿಗೆ ಬಡಿಸಿ ಕಾಯಿ ತರುವವರು, ಎಲ್ಲಕ್ಕಿಂತ ಹೆಚ್ಚಾಗಿ ಅಂಚಿನ ಪುಟಿತವನ್ನು ನೋಡಬೇಕು. ಗೀರು ಬಿದ್ದ ಅಂಚು ಒಮ್ಮೆ ಒಂದು ದಿಕ್ಕಿಗೆ, ಇನ್ನೊಮ್ಮೆ ಇನ್ನೊಂದಕ್ಕೆ ಪುಟಿಸುತ್ತದೆ.

ಅಗಲದ ಪ್ರಶ್ನೆಯೂ ಇದೆ. ದೊಡ್ಡ ವ್ಯಾಸದ ಸ್ಟ್ರೈಕರು ಗುರಿಯ ಸಣ್ಣ ತಪ್ಪನ್ನು ಮನ್ನಿಸುತ್ತದೆ. ಹೊಸಬರಿಗೆ ಅದು ಅನುಕೂಲ. ಎರಡು ಕಾಯಿಗಳ ನಡುವಿನ ಸಂದಿಯಲ್ಲಿ ನುಗ್ಗಿಸಿ ಆಡುವವನಿಗೆ ಅರ್ಧ ಮಿಲಿಮೀಟರು ಕಡಿಮೆಯದು ಬೇಕಾಗುತ್ತದೆ.

ಬನಹಟ್ಟಿಯ ಓಣಿಯಲ್ಲಿ ಬೆರಳಿನ ಚಳಕ ಯಾರಲ್ಲಿ ಹೆಚ್ಚು ಎಂದು ಕೇಳಿದರೆ ಉತ್ತರ ಕಟ್ಟೆಯ ಮೇಲೆ ಸಿಗುವುದಿಲ್ಲ. ಅದು ಮನೆಯೊಳಗಿದೆ. ಕಂಡಿಕೆ ಸುತ್ತುವವರು, ಹರಿದ ಎಳೆಯನ್ನು ಕಣ್ಣು ಮಿಟುಕಿಸುವುದರಲ್ಲಿ ಗಂಟು ಹಾಕುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಬೇಸಿಗೆ ಸೂಟಿಯಲ್ಲಿ ಪಡಸಾಲೆಯ ಬೋರ್ಡಿಗೆ ಅವರೂ ಕೂಡುತ್ತಾರೆ. ಮನೆಯಲ್ಲಿರುವುದು ಒಂದೇ ಸ್ಟ್ರೈಕರು, ಅದೂ ಅಣ್ಣನ 15 ಗ್ರಾಮಿನದು. ಹತ್ತು ವರ್ಷದ ಹುಡುಗಿಯ ತೋರುಬೆರಳಿಗೆ ಅದು ಬಂಡೆಗಲ್ಲು. ಉಗುರು ನೋಯುತ್ತದೆ, ಗುರಿ ತಪ್ಪುತ್ತದೆ, "ನಿನಗ ಬರೂದಿಲ್ಲ ಬಿಡವಾ" ಎಂಬ ಮಾತು ಬರುತ್ತದೆ. ಅವಳು ಎದ್ದು ಹೋಗುತ್ತಾಳೆ. ಯಾರೂ ತಪ್ಪು ಮಾಡಿದಂತೆ ಕಾಣುವುದಿಲ್ಲ. ಅವಳ ಕೈಗೆ ಒಂದು 10 ಗ್ರಾಮಿನ ಸ್ಟ್ರೈಕರು ಕೊಟ್ಟು ನೋಡಿದ್ದರೆ ಏನಾಗುತ್ತಿತ್ತು ಎಂಬುದು ಮಾತ್ರ ತಿಳಿಯದೆ ಉಳಿಯುತ್ತದೆ. ಚೆನ್ನೈಯ ಆಟೋ ಚಾಲಕರೊಬ್ಬರ ಮಗಳು ಖಾಜಿಮಾ 2024ರಲ್ಲಿ ಅಮೆರಿಕದಲ್ಲಿ ನಡೆದ ಕೇರಂ ವಿಶ್ವಕಪ್ಪಿನಲ್ಲಿ ಮೂರು ಚಿನ್ನ ಗೆದ್ದಳು. ಚೆನ್ನೈಯದೇ ಇಳವಳಗಿ, ಬಿಹಾರದ ರಶ್ಮಿ ಕುಮಾರಿ ಅವಳಿಗಿಂತ ಮೊದಲೇ ವಿಶ್ವ ಚಾಂಪಿಯನ್ ಆದವರು. ನೇಕಾರರ ಮನೆಯ ಬೆರಳು ಅವರ ಬೆರಳಿಗಿಂತ ಕಡಿಮೆಯದೆಂದು ನಂಬಲು ಕಾರಣವಿಲ್ಲ.

ರನ್ನನ ಊರು, ನಾಯಿಯ ಊರು

ಮಹಾಲಿಂಗಪುರ ದಾಟಿ ಮುಧೋಳಕ್ಕೆ ಬಂದರೆ ಘೋರ್ಪಡೆಯವರ ಸಂಸ್ಥಾನದ ನೆನಪು. ಅದಕ್ಕಿಂತ ಸಾವಿರ ವರ್ಷ ಹಿಂದಿನ ನೆನಪು ರನ್ನ. ಕ್ರಿ.ಶ. 949ರಲ್ಲಿ ಇಲ್ಲಿ ಹುಟ್ಟಿದ ಕವಿ ತನ್ನ ಕಾವ್ಯಕ್ಕೆ ಆರಿಸಿಕೊಂಡದ್ದು ಗದೆಯ ಯುದ್ಧವನ್ನು. ಭೀಮನದು ಬಲ, ದುರ್ಯೋಧನನದು ಅಭ್ಯಾಸ ಎಂದು ಭಾರತದ ಕಥೆ ಬಲ್ಲ ಹಳ್ಳಿಯ ಮುದುಕರೂ ಹೇಳುತ್ತಾರೆ. ಒಬ್ಬನ ಗದೆಯನ್ನು ಇನ್ನೊಬ್ಬನ ಕೈಗೆ ಕೊಟ್ಟಿದ್ದರೆ ಆ ಸಂಜೆ ಏನಾಗುತ್ತಿತ್ತೋ!

ಮುಧೋಳದ ನಾಯಿಯಂತೂ ಲೋಕಪ್ರಸಿದ್ಧ. 2005ರಲ್ಲಿ ಅಂಚೆ ಚೀಟಿಯ ಮೇಲೆ ಬಂತು, 2016ರಲ್ಲಿ ಸೈನ್ಯದ ತರಬೇತಿಗೆ ಹೋಯಿತು. ಹತ್ತಿರದ ತಿಮ್ಮಾಪುರದಲ್ಲಿ ಅದಕ್ಕೊಂದು ಸಂಶೋಧನಾ ಕೇಂದ್ರವೇ ಇದೆ. ನೋಡಿದರೆ ಎಲುಬು ಎಣಿಸುವಷ್ಟು ತೆಳು ಮೈ, ಉದ್ದ ಕಾಲು, ಒಳಗೆ ಸೇರಿದ ಹೊಟ್ಟೆ. ಕಾಯುವ ನಾಯಿಯ ದಪ್ಪ ಕುತ್ತಿಗೆ ಇದಕ್ಕಿಲ್ಲ, ಇದರ ಕೆಲಸಕ್ಕೆ ಅದು ಬೇಕಾಗಿಯೂ ಇಲ್ಲ. ಅದರ ಬೆಲೆ ಬಲ್ಲ ಊರಿನಲ್ಲೂ ಸ್ಟ್ರೈಕರಿನ ಮಾತು ಬಂದಾಗ ಮಾತ್ರ "ವಜ್ಜಾ ಇದ್ರ ಚಲೋ" ಎನ್ನುವುದು ವಿಚಿತ್ರ.

ಈ ನಂಬಿಕೆಗೆ ಬೆಲೆ ತೆರಬೇಕಾಗುವುದು ಪಂದ್ಯಾವಳಿಯ ದಿನ. ಕಟ್ಟೆಯಲ್ಲಿ ಯಾರೂ ತೂಗುವುದಿಲ್ಲ. ಮೂರು ವರ್ಷ 17 ಗ್ರಾಮಿನದರಲ್ಲಿ ಆಡಿ ಓಣಿಗೆಲ್ಲ ದೊಡ್ಡವನಾದ ಹುಡುಗ ನಿಯಮದ ಪ್ರಕಾರ ನಡೆಯುವ ಪಂದ್ಯಕ್ಕೆ ಹೋದರೆ, ಅಂಪೈರು ಸ್ಟ್ರೈಕರನ್ನು ತಕ್ಕಡಿಗೆ ಇಟ್ಟು ತಿರುಗಿ ಅವನ ಕೈಗೇ ಕೊಡುತ್ತಾನೆ. ಆಗ ಪಕ್ಕದವರಿಂದ ಒಂದನ್ನು ಎರವಲು ಬೇಡಬೇಕು. ಮೂರು ವರ್ಷ ಬೆರಳು ಕಲಿತದ್ದೆಲ್ಲ ಬೇರೊಂದು ತೂಕಕ್ಕೆ. ಕಾಯಿ ತೂತಿನ ತುಟಿಗೆ ಬಂದು ನಿಲ್ಲುತ್ತದೆ, ಅಂಚಿನಿಂದ ಬಂದದ್ದು ಎರಡು ಬೆರಳು ಅತ್ತ ಹೋಗುತ್ತದೆ. 25 ಅಂಕ ಇಲ್ಲವೇ 8 ಬೋರ್ಡು, ಇಷ್ಟರಲ್ಲಿ ಒಂದು ಗೇಮು ಮುಗಿದು ಹೋಗುತ್ತದೆ, ಹೊಸ ತೂಕಕ್ಕೆ ಬೆರಳು ಒಗ್ಗುವಷ್ಟು ವೇಳೆ ಎಲ್ಲಿದೆ? ಮೊದಲ ಸುತ್ತಿನಲ್ಲೇ ಸೋತು ಸಂಜೆ ಬಸ್ಸಿಗೆ ತಿರುಗಿ ಬರುತ್ತಾನೆ. ಓಣಿಯಲ್ಲಿ ಕಾರಣ ಹೇಳಿದರೆ ಯಾರೂ ನಂಬುವುದಿಲ್ಲ.

ಅಖಿಲ ಭಾರತ ಕೇರಂ ಫೆಡರೇಶನ್ ಹುಟ್ಟಿದ್ದು 1956ರಲ್ಲಿ, ಅಂತರರಾಷ್ಟ್ರೀಯ ಫೆಡರೇಶನ್ 1988ರಲ್ಲಿ, ಎರಡೂ ಚೆನ್ನೈಯಲ್ಲಿ. 1991 ಮತ್ತು 1995ರಲ್ಲಿ ವಿಶ್ವ ಚಾಂಪಿಯನ್ ಆದ ಅದೇ ಊರಿನ ಮರಿಯ ಇರುದಯಂ ಅವರಿಗೆ 1996ರ ಅರ್ಜುನ ಪ್ರಶಸ್ತಿ ಬಂತು. ನಿಯಮಗಳು ಅಷ್ಟು ಹಳೆಯವು, ಎಲ್ಲರಿಗೂ ಒಂದೇ. ಅವು ಕಟ್ಟೆಗೆ ಬರಲು ಮಾತ್ರ ಇಷ್ಟು ವರ್ಷ ಹಿಡಿಯಬೇಕಾಗಿರಲಿಲ್ಲ. ಯುವಕ ಮಂಡಳದವರು ಗಣಪತಿ ಹಬ್ಬದ ಪಂದ್ಯದ ದಿನ ಒಂದು ಸಣ್ಣ ತಕ್ಕಡಿಯನ್ನು ಬೋರ್ಡಿನ ಬದಿಗೆ ಇಟ್ಟರೂ ಸಾಕು.

ಕೊಳ್ಳಲು ಹೋದವರು ಅಂಗಡಿಯವನ ಮುಖ ನೋಡಿ ಸಂಕೋಚ ಪಡಬೇಕಿಲ್ಲ. ಅಂಗಡಿಯ ಗಾಜಿನ ಹಲಗೆಯ ಮೇಲೆ ಸ್ಟ್ರೈಕರನ್ನು ಮಲಗಿಸಿ ಅಂಚನ್ನು ಒಂದೊಂದು ಕಡೆ ಒತ್ತಿ ನೋಡಬೇಕು. ತೊಟ್ಟಿಲಿನಂತೆ ತೂಗಿದರೆ ತಳ ಸಪಾಟಿಲ್ಲ, ಬಣ್ಣ ಎಷ್ಟೇ ಚೆಂದವಿದ್ದರೂ ಬೇಡ. ಬೆರಳುಗಳ ನಡುವೆ ಹಿಡಿದು ಬುಗುರಿಯಂತೆ ತಿರುಗಿಸಿದಾಗ ಒಂದೆಡೆಗೆ ವಾಲಿದರೆ ತೂಕ ಸಮನಾಗಿಲ್ಲ. ಅಂಚನ್ನು ಬೆಳಕಿಗೆ ಹಿಡಿದು ಉಗುರಿನಿಂದ ಸವರಿದರೆ ಕಣ್ಣಿಗೆ ಕಾಣದ ಗೀರು ಉಗುರಿಗೆ ಸಿಗುತ್ತದೆ. ಎರಡು ಮೂರು ತೂಕದವನ್ನು ಕೇಳಿ ತೆಗೆಸಿ, ಅಂಗಡಿಯಲ್ಲಿ ಬೋರ್ಡಿದ್ದರೆ ಅದರ ಮೇಲೆ ಒಂದೊಂದರಿಂದ ಹತ್ತು ಹತ್ತು ಹೊಡೆತ ಹೊಡೆಯಬೇಕು. ಐದು ಜೋರಾಗಿ, ಐದು ಮೆಲ್ಲಗೆ. ಜೋರಾಗಿ ಹೊಡೆದದ್ದು ಎಲ್ಲರಿಗೂ ಸರಿಯಾಗಿಯೇ ಹೋಗುತ್ತದೆ. ಮೆಲ್ಲಗೆ ಹೊಡೆದ ಐದರಲ್ಲಿ ನಾಲ್ಕು ಎಣಿಸಿದ ಜಾಗಕ್ಕೆ ಹೋಗಿ ನಿಂತರೆ ಅದೇ ತನ್ನದು. ಬೆರಳು ನೋಯುತ್ತಿದ್ದರೆ ಎಷ್ಟು ಚೆಂದ ಹೋದರೂ ಅಲ್ಲ. ಮಕ್ಕಳಿಗೆ ಕೊಳ್ಳುವವರು ಮಕ್ಕಳನ್ನೇ ಅಂಗಡಿಗೆ ಕರೆತರಬೇಕು, ಹೆಣ್ಣುಮಕ್ಕಳಿದ್ದರೆ ಅವರನ್ನೂ, ಒಬ್ಬೊಬ್ಬರಿಗೆ ಒಂದೊಂದು.

ತಂದ ಮೇಲೆ ಅದನ್ನು ಬದಲಿಸುತ್ತ ಇರಬಾರದು. ಒಂದು ಹಂಗಾಮಾದರೂ ಅದರಲ್ಲೇ ಆಡಬೇಕು. ಕಾಯಿಗಳ ಡಬ್ಬಿಯಲ್ಲಿ ಉಳಿದವುಗಳ ಜೊತೆ ಹಾಕಿದರೆ ಅಂಚಿಗೆ ಪೆಟ್ಟು ಬೀಳುತ್ತದೆ. ವಾರಕ್ಕೊಮ್ಮೆ ಸಾಬೂನು ನೀರಿನಲ್ಲಿ ಅದ್ದಿ, ಮೆತ್ತನೆಯ ಬಟ್ಟೆಯಿಂದ ಒರೆಸಿ ನೆರಳಿಗೆ ಇಡಬೇಕು. ಬನಹಟ್ಟಿಯವರಿಗೆ ಆ ಬಟ್ಟೆಯನ್ನು ಹುಡುಕುವ ತೊಂದರೆಯಿಲ್ಲ, ಮಗ್ಗದ ಕೆಳಗೆ ಬಿದ್ದ ತುಂಡು ಇದ್ದೇ ಇರುತ್ತದೆ.